ರಸ್ತೆ ಅಗೆಯದೆ ಸಿಗ್ನಲ್ ಟೈಮಿಂಗ್: ಜಿಪಿಎಸ್ ಆಧಾರಿತ ಸೇವೆಗಳು ಎಲ್ಲಿ ಗೆಲ್ಲುತ್ತವೆ, ಎಲ್ಲಿ ಕೈಕೊಡುತ್ತವೆ

ಟ್ರಾಫಿಕ್ ಸಿಗ್ನಲ್ ಕೆಟ್ಟು ನಿಂತರೆ ಹತ್ತು ನಿಮಿಷದಲ್ಲಿ ದೂರು ಬರುತ್ತದೆ. ಅದರ ಟೈಮಿಂಗ್ ಕೆಟ್ಟರೆ ಹತ್ತು ವರ್ಷವಾದರೂ ಯಾರೂ ಕೇಳುವುದಿಲ್ಲ. ದೀಪ ಉರಿಯುತ್ತಿದೆಯಲ್ಲ, ಮತ್ತೇನು? ಹೊಸ ಬಡಾವಣೆ ಎದ್ದು, ಶಾಲೆ ಬಂದು, ಪಕ್ಕದ ರಸ್ತೆ ಏಕಮುಖವಾಗಿ ವಾಹನಗಳ ಹರಿವೇ ಬದಲಾಗಿದ್ದರೂ ದೀಪಗಳನ್ನು ನಡೆಸುವ ಯಂತ್ರವಾದ ಕಂಟ್ರೋಲರ್ ಒಳಗೆ ಹಳೆಯ ಅಂಕಿಗಳೇ ಓಡುತ್ತಿರುತ್ತವೆ. ಮೂರರಿಂದ ಐದು ವರ್ಷಕ್ಕೊಮ್ಮೆ ಟೈಮಿಂಗ್ ಪರಿಷ್ಕರಿಸಬೇಕು ಎಂಬುದು ಈ ವೃತ್ತಿಯಲ್ಲಿ ಎಲ್ಲರೂ ಒಪ್ಪುವ ಮಾತು. ಆಗದಿರಲು ಮುಖ್ಯ ಕಾರಣ ಎಣಿಕೆಯ ಖರ್ಚು. ಪ್ರತಿ ಜಂಕ್ಷನ್‌ನಲ್ಲಿ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಜನರನ್ನು ನಿಲ್ಲಿಸಿ ನೇರ ಹೋಗುವವು ಎಷ್ಟು, ತಿರುಗುವವು ಎಷ್ಟು ಎಂದು ಬರೆಸಬೇಕು. ಇಷ್ಟು ಮಾಡಿದರೂ ಕೈಗೆ ಸಿಗುವುದು ಒಂದೋ ಎರಡೋ ದಿನದ ಚಿತ್ರ. ಆ ದಿನ ಮಳೆ ಬಂದಿದ್ದರೆ ಅದೂ ವ್ಯರ್ಥ.

ಎಣಿಕೆಯೇ ಬೇಡ, ರಸ್ತೆಯಲ್ಲಿ ಓಡುವ ವಾಹನಗಳ ಜಿಪಿಎಸ್ ಜಾಡೇ ಸಾಕು ಎನ್ನುವ ಸೇವೆಗಳು ಈಗ ಬಂದಿವೆ. ಇವುಗಳಲ್ಲಿ ಹೆಚ್ಚು ಹೆಸರಾದವು ಎರಡು. ಗೂಗಲ್‌ನ ಗ್ರೀನ್ ಲೈಟ್ ಯೋಜನೆ ಮ್ಯಾಪ್ಸ್‌ನಲ್ಲಿ ಸಂಗ್ರಹವಾಗುವ ಚಾಲನೆಯ ಮಾಹಿತಿಯಿಂದ ಜಂಕ್ಷನ್‌ನ ನಡವಳಿಕೆಯನ್ನು ಊಹಿಸಿ, ನಗರದ ಎಂಜಿನಿಯರ್‌ಗೆ ಬದಲಾವಣೆಯ ಸಲಹೆ ಕೊಡುತ್ತದೆ. 2023ರ ಅಕ್ಟೋಬರ್‌ನಲ್ಲಿ ಗೂಗಲ್ ವಿವರ ಪ್ರಕಟಿಸಿದಾಗ ಅದು 12 ನಗರಗಳ 70 ಜಂಕ್ಷನ್‌ಗಳಲ್ಲಿ ನಡೆಯುತ್ತಿತ್ತು. ನಿಲುಗಡೆಗಳು ಶೇ. 30ರವರೆಗೆ, ಜಂಕ್ಷನ್ ಬಳಿಯ ಹೊಗೆ ಶೇ. 10ರವರೆಗೆ ಕಡಿಮೆಯಾಗಬಹುದು ಎಂಬುದು ಆರಂಭಿಕ ಅಂಕಿಗಳ ಮೇಲೆ ಅವರು ಹೇಳಿದ ಮಾತು. ಎರಡನೆಯದು ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರು ಕಟ್ಟಿದ ವ್ಯವಸ್ಥೆ. ಜನರಲ್ ಮೋಟಾರ್ಸ್ ಕಾರುಗಳಿಂದ ಬಂದ ಜಾಡನ್ನು ಬಳಸಿ ಅವರು ಮಿಷಿಗನ್ ರಾಜ್ಯದ ಬರ್ಮಿಂಗ್‌ಹ್ಯಾಮ್ ಎಂಬ ಪಟ್ಟಣದ 34 ಸಿಗ್ನಲ್‌ಗಳ ಟೈಮಿಂಗ್ ಬದಲಿಸಿದರು. 2024ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಸಿಗ್ನಲ್‌ಗಳಲ್ಲಿ ವಿಳಂಬ ಶೇ. 20ರವರೆಗೆ, ನಿಲುಗಡೆ ಶೇ. 30ರವರೆಗೆ ಇಳಿಯಿತು. ಒಟ್ಟು ವಾಹನಗಳಲ್ಲಿ ಶೇ. 10ಕ್ಕಿಂತ ಕಡಿಮೆ ವಾಹನಗಳ ಮಾಹಿತಿಯಿಂದ ಇದಾಯಿತು ಎಂಬುದೇ ಇಲ್ಲಿನ ಹೆಚ್ಚುಗಾರಿಕೆ.

ಎರಡೂ ಕಡೆ "ರವರೆಗೆ" ಎಂಬ ಪದವನ್ನು ಗಮನಿಸಿ. ಅದು ಅತ್ಯುತ್ತಮ ಜಂಕ್ಷನ್‌ನ ಅಂಕಿ, ಸರಾಸರಿಯಲ್ಲ.

ತೀರ್ಪನ್ನು ಮೊದಲೇ ಹೇಳಿಬಿಡೋಣ. ಒಂದರ ಹಿಂದೆ ಒಂದು ಸಿಗ್ನಲ್ ಇರುವ ರಸ್ತೆಯಲ್ಲಿ ಆಫ್‌ಸೆಟ್ (ಒಂದು ಸಿಗ್ನಲ್ ಹಸಿರಾದ ಎಷ್ಟು ಸೆಕೆಂಡಿಗೆ ಮುಂದಿನದು ಹಸಿರಾಗಬೇಕು ಎಂಬ ಅಂಕಿ) ಸರಿಪಡಿಸಲು ಈ ಸೇವೆಗಳಿಗಿಂತ ಅಗ್ಗದ ದಾರಿ ಸದ್ಯಕ್ಕಿಲ್ಲ. ಹಸಿರಿನ ಪಾಲು ಹಂಚಲು ಅರ್ಧ ನಂಬಬಹುದು. ಪಾದಚಾರಿ ಸಮಯ, ಹಳದಿ, ಆಲ್-ರೆಡ್ (ಎಲ್ಲ ದಿಕ್ಕಿಗೂ ಒಟ್ಟಿಗೆ ಕೆಂಪು ಇರುವ ಕ್ಷಣಗಳು) ಈ ಮೂರನ್ನು ಮುಟ್ಟಲು ಬಿಡಲೇಬಾರದು. ಇನ್ನು, ನಿಮ್ಮ ಕಂಟ್ರೋಲರ್‌ಗಳ ಗಡಿಯಾರ ಸರಿಯಿಲ್ಲದಿದ್ದರೆ ಯಾವ ಸೇವೆ ಕೊಂಡರೂ ಹಣ ನೀರಿನಲ್ಲಿ ಹೋಮ.

ಜಾಡು ಏನು ಹೇಳುತ್ತದೆ

ಒಂದು ಕಾರಿನ ಜಾಡನ್ನು ಹತ್ತಿರದಿಂದ ನೋಡಿ. ಮೂರು ಸೆಕೆಂಡಿಗೊಂದು ಚುಕ್ಕೆ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಎರಡು ಚುಕ್ಕೆಗಳ ನಡುವೆ ಸುಮಾರು 33 ಮೀಟರ್ ಅಂತರ. ಸಿಗ್ನಲ್ ಹತ್ತಿರ ಬಂದಂತೆ ಚುಕ್ಕೆಗಳು ಒತ್ತೊತ್ತಾಗಿ, ಸ್ಟಾಪ್ ಲೈನ್‌ಗೆ 60 ಮೀಟರ್ ಇರುವಾಗ ಒಂದೇ ಕಡೆ ಗುಡ್ಡೆ ಬೀಳುತ್ತವೆ. ಕಾರು ನಿಂತಿದೆ. ನಿಂತ ವಾಹನಕ್ಕೆ ಅಂತರವೂ ಸೇರಿ ಏಳು ಮೀಟರ್ ಜಾಗ ಎಂದುಕೊಂಡರೆ ಅದರ ಮುಂದೆ ಎಂಟೊಂಬತ್ತು ವಾಹನಗಳ ಸಾಲಿದೆ. ಮುಂದಿನ ವಾಹನಗಳನ್ನು ಯಾರೂ ಎಣಿಸಲಿಲ್ಲ, ಆದರೂ ಲೆಕ್ಕ ಸಿಕ್ಕಿತು. 22 ಸೆಕೆಂಡಿನ ನಂತರ ಕಾರು ಹೊರಡುತ್ತದೆ. ಹಸಿರು ಬಿದ್ದ ಸುದ್ದಿ ಸಾಲಿನಲ್ಲಿ ಹಿಂದಕ್ಕೆ ಸೆಕೆಂಡಿಗೆ ಸುಮಾರು ಐದು ಮೀಟರ್ ವೇಗದಲ್ಲಿ ಹರಡುತ್ತದೆ. ಅಂದರೆ ಕಾರು ಹೊರಡುವ 12 ಸೆಕೆಂಡ್ ಮೊದಲೇ ಹಸಿರು ಬಿದ್ದಿರಬೇಕು. ಇಂತಹ ನೂರಾರು ಜಾಡುಗಳನ್ನು ಒಂದೇ ಸೈಕಲ್ (ಎಲ್ಲ ದಿಕ್ಕಿಗೂ ಒಮ್ಮೆ ಹಸಿರು ಬಂದು ಮುಗಿಯುವ ಒಂದು ಸುತ್ತು) ಮೇಲೆ ಮಡಿಚಿ ಕೂರಿಸಿದರೆ ಹಸಿರು ಯಾವಾಗ ಶುರು, ಸಾಲು ಎಲ್ಲಿಯವರೆಗೆ, ಯಾವ ಗುಂಪು ಹಸಿರಿಗೆ ಬಂತು, ಯಾವುದು ಕೆಂಪಿಗೆ ಸಿಕ್ಕಿತು ಎಲ್ಲವೂ ಕಾಣುತ್ತದೆ.

ಅದಕ್ಕಿಂತ ಉಪಯುಕ್ತವಾದ ಗುರುತು ಒಂದಿದೆ. ಒಂದೇ ಸಿಗ್ನಲ್‌ಗೆ ಎರಡು ಬಾರಿ ನಿಂತ ವಾಹನಗಳು ಎಷ್ಟು? ಮೊದಲ ಹಸಿರಿನಲ್ಲಿ ದಾಟಲಾಗದೆ ಎರಡನೆಯದಕ್ಕೆ ಕಾದವು ಅವು. ಈ ಪ್ರಮಾಣ ಒಂದು ದಿಕ್ಕಿನಲ್ಲಿ ಹೆಚ್ಚಿದ್ದು, ಅಡ್ಡರಸ್ತೆಯಲ್ಲಿ ಶೂನ್ಯಕ್ಕೆ ಹತ್ತಿರವಿದ್ದರೆ ಹಸಿರಿನ ಹಂಚಿಕೆ ತಪ್ಪಿದೆ ಎಂದರ್ಥ. ಎರಡೂ ಕಡೆ ಹೆಚ್ಚಿದ್ದರೆ ಸಮಸ್ಯೆ ಟೈಮಿಂಗ್‌ನದಲ್ಲ, ಜಾಗದ್ದು. ಸೇವೆಯ ಡ್ಯಾಶ್‌ಬೋರ್ಡ್‌ನಲ್ಲಿ ಬೇರೇನೂ ನೋಡದಿದ್ದರೂ ಈ ಒಂದು ಅಂಕಣ ನೋಡಿ.

ಜಾಡಿಗೆ ಕಾಣದ್ದೂ ಇದೆ. ಮೂರರಿಂದ ಐದು ಮೀಟರ್ ಜಿಪಿಎಸ್ ತಪ್ಪಿನಲ್ಲಿ ವಾಹನ ಯಾವ ಲೇನ್‌ನಲ್ಲಿತ್ತು ಎಂದು ಹೇಳಲಾಗದು. ಎತ್ತರದ ಕಟ್ಟಡಗಳ ನಡುವೆ ತಪ್ಪು ಇನ್ನೂ ದೊಡ್ಡದು. ತಿರುಗುವ ಲೇನ್ ತುಂಬಿ ನೇರ ಲೇನ್‌ಗೆ ಚೆಲ್ಲಿದ್ದರೆ ನೇರ ಹೋಗುವವರಿಗೇ ಹಸಿರು ಸಾಲದು ಎಂದು ಸೇವೆ ತೀರ್ಮಾನಿಸಬಹುದು. ಹಸಿರು ಬೇಕಿರುವುದು ತಿರುವಿಗೆ.

ಮಾದರಿಯ ಲೆಕ್ಕ

ಇಂತಹ ಸೇವೆಗಳ ಬಗ್ಗೆ ಕೇಳಿಬರುವ "ಶೇ. 5 ವಾಹನಗಳ ಜಾಡು ಸಾಕು" ಎಂಬ ಮಾತು ಮುಖ್ಯರಸ್ತೆಗೆ ನಿಜ. ಗಂಟೆಗೆ 800 ವಾಹನ ಹೋಗುವ ದಿಕ್ಕಿನಲ್ಲಿ ಶೇ. 5 ಎಂದರೆ 40 ಜಾಡು. ನಾಲ್ಕು ವಾರದ 20 ಕೆಲಸದ ದಿನ ಕೂಡಿಸಿದರೆ ಒಂದೇ ಗಂಟೆಯ ಅವಧಿಗೆ 800 ಜಾಡು ಸಿಗುತ್ತವೆ. ಬೇಕಾದಷ್ಟಾಯಿತು. ಅದೇ ಜಂಕ್ಷನ್‌ನ ಅಡ್ಡರಸ್ತೆಯಲ್ಲಿ ಗಂಟೆಗೆ 40 ವಾಹನ ತಿರುಗುತ್ತವೆ ಎನ್ನಿ. ಗಂಟೆಗೆ ಎರಡು ಜಾಡು, ತಿಂಗಳಿಗೆ 40. ಇದರಲ್ಲಿ ನಾಲ್ಕು ಅಂಗಡಿ ಮುಂದೆ ನಿಂತ ಟ್ಯಾಕ್ಸಿಗಳಾದರೆ ಸಾಲಿನ ಲೆಕ್ಕ ಹಾಳು. ಮುಖ್ಯರಸ್ತೆಗೆ ಸೇವೆ ಕೊಟ್ಟ ಅಂಕಿಯನ್ನು ಹಾಗೆಯೇ ತೆಗೆದುಕೊಂಡು, ಚಿಕ್ಕ ತಿರುವುಗಳಿಗೆ ಮಾತ್ರ ಜನರನ್ನು ನಿಲ್ಲಿಸಿ ಎರಡು ಗಂಟೆ ಎಣಿಸುವುದು ಜಾಣತನ. ಎಣಿಕೆಯ ಖರ್ಚು ಆಗಲೂ ಬಹುಪಾಲು ಉಳಿಯುತ್ತದೆ.

ಮಾಹಿತಿ ಯಾವ ಮೂಲದ್ದು ಎಂಬುದೂ ಮುಖ್ಯ. ಕಾರು ಕಂಪನಿಯ ಮಾಹಿತಿಯಲ್ಲಿ ಕಾರುಗಳಷ್ಟೇ ಇರುತ್ತವೆ, ದ್ವಿಚಕ್ರ ವಾಹನ, ಬಸ್ಸು, ಹಳೆಯ ಲಾರಿ ಇರುವುದಿಲ್ಲ. ಫೋನ್‌ನಿಂದ ಬರುವ ಮಾಹಿತಿಯಲ್ಲಿ ಎಲ್ಲವೂ ಬೆರೆತಿರುತ್ತವೆ. ಸಾಲಿನ ಸಂದಿಯಲ್ಲಿ ನುಸುಳಿ ಮುಂದೆ ಬರುವ ಬೈಕ್ ಕೂಡ ಆಗ ಒಂದು ಜಾಡು. ಅದು ಹೆಚ್ಚು ಕಾಯದೆ ದಾಟಿಬಿಡುವುದರಿಂದ ವಿಳಂಬ ಇದ್ದದ್ದಕ್ಕಿಂತ ಕಡಿಮೆ ಕಾಣುತ್ತದೆ. ಬೈಕ್ ಮತ್ತು ಕಾರನ್ನು ಬೇರ್ಪಡಿಸುತ್ತೀರಾ, ಹೇಗೆ ಎಂದು ಕೇಳಿ. ಸರಿಯಾದ ಉತ್ತರ ಬರದಿದ್ದರೆ ಸಾಲಿನ ಉದ್ದವನ್ನು ಮಾತ್ರ ನಂಬಿ, ವಿಳಂಬದ ಸರಾಸರಿಯನ್ನು ಬಿಡಿ.

ಆಫ್‌ಸೆಟ್: ಕೊಟ್ಟ ಹಣ ವಸೂಲಾಗುವ ಜಾಗ

ಎರಡು ಸಿಗ್ನಲ್‌ಗಳ ನಡುವೆ 400 ಮೀಟರ್. ಗಂಟೆಗೆ 40 ಕಿ.ಮೀ. ವೇಗದಲ್ಲಿ ದಾಟಲು 36 ಸೆಕೆಂಡ್. ಹಾಗಾದರೆ ಮೊದಲನೆಯದು ಹಸಿರಾದ 36 ಸೆಕೆಂಡಿಗೆ ಎರಡನೆಯದು ಹಸಿರಾಗಬೇಕು ಎಂಬುದು ಪಠ್ಯಪುಸ್ತಕದ ಉತ್ತರ. ರಸ್ತೆಯಲ್ಲಿ ಅದು ಸರಿಹೋಗುವುದಿಲ್ಲ. ಎರಡನೆಯ ಸಿಗ್ನಲ್ ಮುಂದೆ ಅಡ್ಡರಸ್ತೆಯಿಂದ ತಿರುಗಿ ಬಂದ ಆರು ವಾಹನ ಆಗಲೇ ನಿಂತಿರುತ್ತವೆ. ಅವು ಕದಲಲು ಶುರುವಿನ ಎರಡು ಸೆಕೆಂಡ್, ಆಮೇಲೆ ವಾಹನಕ್ಕೆರಡು ಸೆಕೆಂಡ್‌ನಂತೆ 12, ಒಟ್ಟು 14 ಸೆಕೆಂಡ್ ಬೇಕು. ಅಷ್ಟು ಮುಂಚೆ ಹಸಿರು ಬಿಟ್ಟರೆ ಹಿಂದಿನಿಂದ ಬರುವ ಗುಂಪು ಬ್ರೇಕ್ ಒತ್ತದೆ ಸಾಗುತ್ತದೆ. ಆಫ್‌ಸೆಟ್ 36 ಅಲ್ಲ, 22. ಆ ಆರು ವಾಹನದ ಅಂಕಿ ಬೆಳಿಗ್ಗೆ ಒಂದು, ಸಂಜೆ ಇನ್ನೊಂದು. ಕೈಯಲ್ಲಿ ಅಳೆಯುವುದು ತಲೆನೋವು. ಜಾಡಿನಿಂದ ತಾನಾಗಿ ಸಿಗುತ್ತದೆ. ಈ ಸೇವೆಗಳು ಗೆಲ್ಲುವುದು ಇಲ್ಲೇ.

ಎರಡೂ ದಿಕ್ಕಿಗೆ ಹಸಿರು ಅಲೆ (ಸಾಲಾಗಿ ಸಿಗ್ನಲ್‌ಗಳು ಹಸಿರಾಗುತ್ತ ವಾಹನ ನಿಲ್ಲದೆ ಸಾಗುವುದು) ಬೇಕೆಂದರೆ ಲೆಕ್ಕ ಬಿಗಿಯಾಗುತ್ತದೆ. ಹೋಗುವ 36, ಬರುವ 36 ಕೂಡಿ 72 ಸೆಕೆಂಡ್. ಸೈಕಲ್ ಕೂಡ 72 ಇದ್ದರೆ ಆಫ್‌ಸೆಟ್ ಅರ್ಧ ಸೈಕಲ್‌ಗೆ ಕೂರುತ್ತದೆ, ಎರಡೂ ದಿಕ್ಕಿಗೆ ಅಲೆ ಸಿಗುತ್ತದೆ. ಸೈಕಲ್ 100 ಆದರೆ ಒಂದು ದಿಕ್ಕಿಗೆ ಕೊಟ್ಟದ್ದನ್ನು ಇನ್ನೊಂದರಿಂದ ಕಿತ್ತುಕೊಂಡಂತೆ. ಅಂತರ 600 ಮೀಟರ್ ಇದ್ದರೆ ಅದೇ ವೇಗಕ್ಕೆ ಹೊಂದುವ ಸೈಕಲ್ 108. ಅಂತರಗಳು ಅಡ್ಡಾದಿಡ್ಡಿ ಇರುವ ರಸ್ತೆಯಲ್ಲಿ ಎರಡು ದಿಕ್ಕಿನ ಪೂರ್ಣ ಅಲೆ ಅಸಾಧ್ಯ. ಯಾರು ಭರವಸೆ ಕೊಟ್ಟರೂ ನಂಬಬೇಡಿ. ಸಿಗ್ನಲ್‌ಗಳ ನಡುವೆ 800 ಮೀಟರ್‌ಗಿಂತ ಹೆಚ್ಚಿದ್ದರೆ ಗುಂಪು ದಾರಿಯಲ್ಲೇ ಚದುರಿಹೋಗುತ್ತದೆ, ಜೋಡಣೆಯಿಂದ ಬರುವ ಲಾಭ ತೆಳುವಾಗುತ್ತದೆ. ಅಂತಹ ಒಂಟಿ ಜಂಕ್ಷನ್‌ಗೆ ಈ ಸೇವೆ ಕೊಳ್ಳುವ ಅಗತ್ಯ ಕಡಿಮೆ.

ಸೈಕಲ್ ಮತ್ತು ಹಂಚಿಕೆ: ಕಾಗದ, ಪೆನ್ನು ಸಾಕು

ಸೇವೆ ಹೇಳುವ ಸೈಕಲ್ ಅವಧಿಯನ್ನು ನೀವೇ ತಾಳೆ ನೋಡಬಹುದು. 1958ರಲ್ಲಿ ಬ್ರಿಟನ್ನಿನ ಸಂಚಾರ ಸಂಶೋಧಕ ವೆಬ್‌ಸ್ಟರ್ ಕೊಟ್ಟ ಸೂತ್ರ ಇಂದಿಗೂ ಕೆಲಸಕ್ಕೆ ಬರುತ್ತದೆ. ಪ್ರತಿ ಫೇಸ್‌ನ (ಒಟ್ಟಿಗೆ ಹಸಿರು ಪಡೆಯುವ ದಿಕ್ಕುಗಳ ಸರದಿ) ಅತಿ ಬಿಡುವಿಲ್ಲದ ಲೇನ್‌ನಲ್ಲಿ ಗಂಟೆಗೆ ಬರುವ ವಾಹನಗಳನ್ನು, ಆ ಲೇನ್ ಗಂಟೆಯಿಡೀ ಹಸಿರಿದ್ದರೆ ಸಾಗಿಸಬಲ್ಲ ವಾಹನಗಳಿಂದ ಭಾಗಿಸಿ. ಕಾರುಗಳೇ ಇರುವ ಲೇನ್‌ಗೆ ಈ ಎರಡನೆಯ ಅಂಕಿ 1,800ರಿಂದ 1,900. ಫೇಸ್‌ಗಳ ಭಾಗಲಬ್ಧಗಳನ್ನು ಕೂಡಿಸಿ. ಫೇಸ್ ಬದಲಾಗುವಾಗ ವಾಹನ ಸಾಗದೆ ಕಳೆಯುವ ಒಟ್ಟು ವ್ಯರ್ಥ ಸಮಯವನ್ನು ಒಂದೂವರೆಯಿಂದ ಗುಣಿಸಿ, ಐದು ಕೂಡಿಸಿ, ಒಂದರಿಂದ ಆ ಮೊತ್ತ ಕಳೆದು ಉಳಿದದ್ದರಿಂದ ಭಾಗಿಸಿ.

ಮೂರು ಫೇಸ್, ಫೇಸ್‌ಗೆ ನಾಲ್ಕು ಸೆಕೆಂಡ್ ವ್ಯರ್ಥ, ಒಟ್ಟು 12. ಭಾಗಲಬ್ಧಗಳು 0.35, 0.25, 0.15, ಮೊತ್ತ 0.75. ಹದಿನೆಂಟಕ್ಕೆ ಐದು ಕೂಡಿ 23, ಅದನ್ನು 0.25ರಿಂದ ಭಾಗಿಸಿದರೆ 92 ಸೆಕೆಂಡ್. ವ್ಯರ್ಥ 12 ಕಳೆದರೆ ಹಸಿರಿಗೆ 80. ಹಂಚಿದರೆ ಸುಮಾರು 37, 27, 16. ಮಧ್ಯಾಹ್ನ ಮೊತ್ತ 0.65ಕ್ಕೆ ಇಳಿದರೆ ಸೈಕಲ್ 66ಕ್ಕೆ ಬರುತ್ತದೆ. ಇದೇ ಜಂಕ್ಷನ್ ಇಡೀ ದಿನ 150 ಸೆಕೆಂಡ್‌ನಲ್ಲಿ ಓಡುತ್ತಿದ್ದರೆ ಯಾವ ಸಾಫ್ಟ್‌ವೇರ್ ಕೂಡ ಇಲ್ಲದೆ ಮಧ್ಯಾಹ್ನದ ಕಾಯುವಿಕೆ ಕಡಿಮೆ ಮಾಡಬಹುದು. ಈ ಸೂತ್ರ ಉದಾರವಾದದ್ದು ಕೂಡ. ಉತ್ತರದ ಮುಕ್ಕಾಲರಿಂದ ಒಂದೂವರೆ ಪಟ್ಟಿನವರೆಗೆ ಸೈಕಲ್ ಇಟ್ಟರೂ ವಿಳಂಬ ಶೇ. 10ರಿಂದ 20ಕ್ಕಿಂತ ಹೆಚ್ಚು ಏರುವುದಿಲ್ಲ ಎಂದು ವೆಬ್‌ಸ್ಟರ್ ಅವರೇ ತೋರಿಸಿದ್ದಾರೆ. ಹಾಗಾಗಿ 92ರ ಬದಲು ಹಸಿರು ಅಲೆಗೆ ಹೊಂದುವ 72 ಇಟ್ಟರೆ ಹೆಚ್ಚೇನೂ ನಷ್ಟವಿಲ್ಲ. ಸೇವೆ 92 ಅಂದರೂ 88 ಅಂದರೂ ಅದರ ಮೇಲೆ ವಾದ ಮಾಡುವುದು ಸಮಯ ಹಾಳು.

ಮೊತ್ತ 0.95 ತಲುಪಿದರೆ ಅದೇ ಸೂತ್ರ 460 ಸೆಕೆಂಡ್ ಎಂಬ ಹುಚ್ಚು ಉತ್ತರ ಕೊಡುತ್ತದೆ. ಜಂಕ್ಷನ್‌ನಲ್ಲಿ ಹಂಚಲು ಹಸಿರೇ ಇಲ್ಲ ಎಂದು ಅದರ ಅರ್ಥ. ಆಗ ಒಂದು ತಿರುವನ್ನು ನಿಲ್ಲಿಸಿ ಫೇಸ್ ಕಡಿಮೆ ಮಾಡುವುದು, ಸ್ಟಾಪ್ ಲೈನ್ ಬಳಿಯ ಪಾರ್ಕಿಂಗ್ ತೆಗೆದು ಒಂದು ಲೇನ್ ಗಳಿಸುವುದು, ಬಸ್ ನಿಲ್ದಾಣವನ್ನು ಜಂಕ್ಷನ್‌ನಿಂದ ದೂರ ಸರಿಸುವುದು, ಇಂತಹವೇ ದಾರಿ. ಟೈಮಿಂಗ್ ಸೇವೆ ಮಾರುವವರು ಇದನ್ನು ತಾವಾಗಿ ಹೇಳುವುದು ಅಪರೂಪ.

ಇದರ ಇನ್ನೊಂದು ಮುಖ ಮುಂದಿನ ಜಂಕ್ಷನ್‌ನಿಂದ ಹಿಂದಕ್ಕೆ ಬೆಳೆದು ಬಂದ ಸಾಲು. ಇಲ್ಲಿ ಹಸಿರಿದ್ದರೂ ಮುಂದೆ ಜಾಗವಿಲ್ಲದೆ ವಾಹನ ನಿಂತಿರುತ್ತದೆ. ಕಚ್ಚಾ ಲೆಕ್ಕಕ್ಕೆ ಇದು "ಹಸಿರು ಸಾಲದ ಜಂಕ್ಷನ್" ಎಂದು ಕಾಣುತ್ತದೆ, ಇನ್ನಷ್ಟು ಹಸಿರು ಕೊಡಿ ಎಂಬ ಸಲಹೆ ಬರುತ್ತದೆ. ಕೊಟ್ಟರೆ ಜಂಕ್ಷನ್ ಮಧ್ಯದಲ್ಲೇ ವಾಹನಗಳು ಸಿಕ್ಕಿಕೊಂಡು ಅಡ್ಡರಸ್ತೆಯೂ ಕಟ್ಟಿಕೊಳ್ಳುತ್ತದೆ. ಹಸಿರಿನ ನಡುವೆ ಜಾಡು ನಿಂತಿದ್ದರೆ ಅಲ್ಲಿ ಹಸಿರನ್ನು ಕಡಿಮೆ ಮಾಡಿ ವಾಹನಗಳನ್ನು ಹಿಂದೆಯೇ ತಡೆಯಬೇಕು.

ಮುಟ್ಟಬಾರದ ಅಂಕಿಗಳು

18 ಮೀಟರ್ ಅಗಲದ ರಸ್ತೆ ದಾಟಲು ಸೆಕೆಂಡಿಗೆ 1.07 ಮೀಟರ್ ನಡಿಗೆಯ ಲೆಕ್ಕದಲ್ಲಿ 17 ಸೆಕೆಂಡ್, ಹೆಜ್ಜೆ ಇಡಲು ಏಳು, ಒಟ್ಟು 24. ಅಡ್ಡರಸ್ತೆಯ ವಾಹನಗಳಿಗೆ 14 ಸೆಕೆಂಡ್ ಸಾಕು ಎಂದು ಸೇವೆ ಹೇಳಿದರೆ ಅದು ವಾಹನದ ಮಟ್ಟಿಗೆ ನಿಜ. ಆದರೆ ಮುಖ್ಯರಸ್ತೆ ದಾಟುವವರು ನಡೆಯುವುದು ಅದೇ ಫೇಸ್‌ನಲ್ಲಿ. 14ಕ್ಕೆ ಇಳಿಸಿದರೆ ಅಜ್ಜಿಯೊಬ್ಬರು ರಸ್ತೆ ಮಧ್ಯೆ ಇರುವಾಗಲೇ ವಾಹನಗಳಿಗೆ ಹಸಿರು ಬೀಳುತ್ತದೆ. ಪಾದಚಾರಿ ಗುಂಡಿ ಇದ್ದು ಅದು ನಿಜವಾಗಿ ಕೆಲಸ ಮಾಡುತ್ತಿದ್ದರೆ ಮಾತ್ರ, ಒತ್ತದ ಸೈಕಲ್‌ಗಳಲ್ಲಿ 14 ಕೊಡಬಹುದು. ಒಪ್ಪಂದಕ್ಕೆ ಮೊದಲೇ ಪ್ರತಿ ಫೇಸ್‌ನ ಕನಿಷ್ಠ ಸಮಯದ ಪಟ್ಟಿ ಮಾಡಿ, ಅದಕ್ಕಿಂತ ಕೆಳಗೆ ಸಲಹೆಯೇ ಬರದಂತೆ ಬೀಗ ಹಾಕಿಸಿ.

ಉದ್ದ ಸೈಕಲ್ ಪಾದಚಾರಿಗೆ ಮಾಡುವ ಅನ್ಯಾಯವೂ ಲೆಕ್ಕಕ್ಕೆ ಸಿಗುತ್ತದೆ. ಏಳು ಸೆಕೆಂಡ್ ನಡೆಯುವ ದೀಪವಿರುವ 150 ಸೆಕೆಂಡ್ ಸೈಕಲ್‌ನಲ್ಲಿ ಸರಾಸರಿ ಕಾಯುವಿಕೆ 68 ಸೆಕೆಂಡ್, 70ರ ಸೈಕಲ್‌ನಲ್ಲಿ 28. ಒಂದು ನಿಮಿಷಕ್ಕೂ ಹೆಚ್ಚು ನಿಲ್ಲಿಸಿದರೆ ಜನ ಕೆಂಪಿನಲ್ಲೇ ನುಗ್ಗುತ್ತಾರೆ, ಆಮೇಲೆ ಶಿಸ್ತಿಲ್ಲ ಎಂದು ಬೈಸಿಕೊಳ್ಳುತ್ತಾರೆ. ವಾಹನದ ಜಾಡಿನಲ್ಲಿ ಇವರಾರೂ ಇಲ್ಲ. ಈ ಸೇವೆಗಳ ದೊಡ್ಡ ಕುರುಡು ಇದೇ.

ಹಳದಿಗೆ ಬೇರೆ ಲೆಕ್ಕ. ಚಾಲಕ ಎಚ್ಚೆತ್ತುಕೊಳ್ಳಲು ಒಂದು ಸೆಕೆಂಡ್. ಅದಕ್ಕೆ ವೇಗವನ್ನು ಬ್ರೇಕಿನ ಇಳಿವೇಗದ ಎರಡರಷ್ಟರಿಂದ ಭಾಗಿಸಿದ್ದನ್ನು ಕೂಡಿಸಿ. ಸಮತಟ್ಟು ರಸ್ತೆಯಲ್ಲಿ ಗಂಟೆಗೆ 50 ಕಿ.ಮೀ.ಗೆ 3.3 ಸೆಕೆಂಡ್ ಆಗುತ್ತದೆ. 24 ಮೀಟರ್ ಅಗಲದ ಜಂಕ್ಷನ್ ಅನ್ನು ಆರು ಮೀಟರ್ ಉದ್ದದ ವಾಹನ ಪೂರ್ತಿ ದಾಟಲು ಆಲ್-ರೆಡ್ ಸುಮಾರು 2.2. ಹಸಿರು ಹೆಚ್ಚಿಸುವ ಆಸೆಗೆ ಇವುಗಳಿಂದ ಅರ್ಧ ಸೆಕೆಂಡ್ ಕದ್ದರೂ ಬೆಲೆ ತೆರುವುದು ಅಪಘಾತದಲ್ಲಿ.

ಸಲಹೆ ಬಂದ ಮೇಲೆ: ಕ್ಯಾಬಿನೆಟ್ ಮುಂದೆ

ಸಲಹೆಯನ್ನು ಜಾರಿಗೆ ತರಲು ಐದು ನಿಮಿಷ ಸಾಕು ಎಂದು ಗೂಗಲ್ ಹೇಳುತ್ತದೆ. ಕೇಂದ್ರದಿಂದ ಕಂಟ್ರೋಲರ್‌ಗೆ ಸಂಪರ್ಕವಿರುವ ಊರಿಗೆ ಆ ಮಾತು ಸರಿ. ಸಂಪರ್ಕವಿಲ್ಲದಿದ್ದರೆ ಪ್ರತಿ ಕ್ಯಾಬಿನೆಟ್‌ಗೆ (ಕಂಟ್ರೋಲರ್ ಇರುವ ರಸ್ತೆ ಬದಿಯ ಪೆಟ್ಟಿಗೆ) ಹೋಗಿ ಕೀಪ್ಯಾಡ್‌ನಲ್ಲಿ ಒತ್ತಬೇಕು. ಅದೂ ದುಬಾರಿಯಲ್ಲ, ಹತ್ತು ಜಂಕ್ಷನ್‌ಗೆ ಒಬ್ಬ ತಂತ್ರಜ್ಞನ ಒಂದು ದಿನದ ಕೆಲಸ. ಕೆಡುವುದು ಬೇರೆ ಮೂರು ಕಡೆ.

ಮೊದಲನೆಯದು ಗಡಿಯಾರ. ಸಂಪರ್ಕವಿಲ್ಲದ ಸಿಗ್ನಲ್‌ಗಳು ಒಂದಕ್ಕೊಂದು ಹೊಂದಿ ನಡೆಯುವುದು ಪ್ರತಿ ಕಂಟ್ರೋಲರ್‌ನ ಒಳಗಿನ ಗಡಿಯಾರ ಒಂದೇ ಸಮಯ ತೋರಿಸುತ್ತಿದೆ ಎಂಬ ನಂಬಿಕೆಯ ಮೇಲೆ. ಸಾಮಾನ್ಯ ಸ್ಫಟಿಕ ಗಡಿಯಾರ ಹತ್ತು ಲಕ್ಷಕ್ಕೆ 20 ಭಾಗ ತಪ್ಪಿದರೂ ದಿನಕ್ಕೆ 1.7 ಸೆಕೆಂಡ್, ವಾರಕ್ಕೆ 12. ಮೇಲೆ ಲೆಕ್ಕ ಹಾಕಿದ 22 ಸೆಕೆಂಡ್ ಆಫ್‌ಸೆಟ್ ಒಂದೇ ವಾರದಲ್ಲಿ 34 ಅಥವಾ 10 ಆಗಿರುತ್ತದೆ. ವಿದ್ಯುತ್ ಹೋಗಿ ಬಂದಾಗ ಗಡಿಯಾರ ಮೊದಲಿಗೆ ಮರಳುವ ಹಳೆಯ ಯಂತ್ರಗಳಲ್ಲಂತೂ ಒಂದೇ ರಾತ್ರಿಯಲ್ಲಿ ಎಲ್ಲ ಹಾಳು. ಇನ್ನೊಂದು ಸೂಕ್ಷ್ಮವೂ ಇದೆ. ಜಾಡುಗಳನ್ನು ಸೈಕಲ್ ಮೇಲೆ ಮಡಿಚುವ ವಿಧಾನಕ್ಕೆ ಸೈಕಲ್ ದಿನದಿನವೂ ಅದೇ ಕ್ಷಣಕ್ಕೆ ಶುರುವಾಗಬೇಕು. ಗಡಿಯಾರ ತೇಲಾಡುತ್ತಿದ್ದರೆ ನಾಲ್ಕು ವಾರದ ಮಾಹಿತಿ ಮಸುಕಾಗಿ ಸಲಹೆಯೇ ತಪ್ಪುತ್ತದೆ. ಪರಿಹಾರ ಚಿಕ್ಕದು: ಕ್ಯಾಬಿನೆಟ್ ಮೇಲೊಂದು ಜಿಪಿಎಸ್ ಆಂಟೆನಾ, ಒಳಗೊಂದು ಗಡಿಯಾರ ಮಾಡ್ಯೂಲ್, ಅಥವಾ ಮೊಬೈಲ್ ಮೋಡೆಮ್ ಮೂಲಕ ಸಮಯ ಹೊಂದಿಸುವ ವ್ಯವಸ್ಥೆ. ಜೊತೆಗೆ ಬ್ಯಾಟರಿ. ಸೇವೆಗೆ ಚಂದಾ ಕಟ್ಟುವ ಮೊದಲು ಇದಕ್ಕೆ ಹಣ ಹಾಕಿ. ಎಷ್ಟೋ ರಸ್ತೆಗಳಲ್ಲಿ ಇದೊಂದರಿಂದಲೇ ಹಳೆಯ ಹಸಿರು ಅಲೆ ಮರಳಿ ಬರುತ್ತದೆ, ಹೊಸ ಸಲಹೆಯ ಅಗತ್ಯವೂ ಬೀಳುವುದಿಲ್ಲ.

ಎರಡನೆಯದು ಆಫ್‌ಸೆಟ್ ಎಲ್ಲಿಂದ ಎಣಿಸುತ್ತೀರಿ ಎಂಬುದು. ಕೆಲವು ಕಂಟ್ರೋಲರ್‌ಗಳು ಮುಖ್ಯ ಫೇಸ್‌ನ ಹಸಿರು ಶುರುವಾದಲ್ಲಿಂದ ಎಣಿಸುತ್ತವೆ, ಕೆಲವು ಅದೇ ಫೇಸ್‌ನ ಹಳದಿ ಶುರುವಾದಲ್ಲಿಂದ. ಸೇವೆ ಹಸಿರಿನ ಲೆಕ್ಕದಲ್ಲಿ 22 ಎಂದು ಕೊಟ್ಟು, ನಿಮ್ಮ ಯಂತ್ರ ಹಳದಿಯ ಲೆಕ್ಕ ಹಿಡಿದರೆ ಇಡೀ ಹಸಿರಿನಷ್ಟು, ಅಂದರೆ 30–40 ಸೆಕೆಂಡ್ ಅಂತರ ತಪ್ಪುತ್ತದೆ. ಟೈಮಿಂಗ್ ಹಾಕಿದ ಮೇಲೆ ಫಲಿತಾಂಶ ಮೊದಲಿಗಿಂತ ಕೆಟ್ಟರೆ ಹತ್ತಕ್ಕೆ ಐದು ಸಲ ಇಲ್ಲೇ ಹುಡುಕಬೇಕು. ಇಬ್ಬರು ಫೋನ್ ಹಿಡಿದು ಎರಡು ಸಿಗ್ನಲ್ ಕೆಳಗೆ ನಿಂತು, ಹಸಿರು ಬಿದ್ದ ಕ್ಷಣ ಹೇಳಿಕೊಂಡರೆ ಐದು ಸೈಕಲ್‌ನಲ್ಲಿ ಗೊತ್ತಾಗುತ್ತದೆ.

ಮೂರನೆಯದು ಪ್ಲಾನ್ (ದಿನದ ಒಂದು ಅವಧಿಗೆಂದು ಇಟ್ಟ ಟೈಮಿಂಗ್) ಬದಲಾಗುವ ಹೊತ್ತು. ಒಂದು ಪ್ಲಾನ್‌ನಿಂದ ಇನ್ನೊಂದಕ್ಕೆ ಹೊರಳಲು ಕಂಟ್ರೋಲರ್‌ಗೆ ಎರಡರಿಂದ ಐದು ಸೈಕಲ್ ಬೇಕು. ಆ ಹೊತ್ತಿನಲ್ಲಿ ಯಾವ ಹೊಂದಾಣಿಕೆಯೂ ಇರುವುದಿಲ್ಲ. ಅರ್ಧ ಗಂಟೆಗೊಂದು ಪ್ಲಾನ್ ಎಂಬ ಸಲಹೆ ಪರದೆಯ ಮೇಲೆ ಚೆನ್ನಾಗಿ ಕಾಣುತ್ತದೆ. ರಸ್ತೆಯಲ್ಲಿ ಮೂರರಲ್ಲೊಂದು ಭಾಗ ಹೊಂದಾಣಿಕೆಯಿಲ್ಲದೆ ಕಳೆಯಬಹುದು. ದಿನಕ್ಕೆ ನಾಲ್ಕೈದು ಪ್ಲಾನ್ ಸಾಕು, ದಟ್ಟಣೆ ಶುರುವಾಗುವ ಕಾಲು ಗಂಟೆ ಮೊದಲು ಬದಲಾಗುವಂತಿರಲಿ.

ಇವೆಲ್ಲ ಸರಿಯಿದ್ದು, ಸಂಜೆ ಪೊಲೀಸರು ಸ್ವಿಚ್ ಹಿಡಿದು ಕೈಯಾರೆ ನಡೆಸಿದರೆ ಅಲ್ಲಿಗೆ ಮುಗಿಯಿತು. ಯಾವ ಜಂಕ್ಷನ್‌ನಲ್ಲಿ ಯಾವ ಹೊತ್ತು ಕೈಯಾರೆ ನಡೆಯುತ್ತದೆ ಎಂಬ ಪಟ್ಟಿಯನ್ನು ಸೇವೆಯವರಿಗೆ ಮೊದಲೇ ಕೊಡಿ, ಆ ಗಂಟೆಗಳ ಮಾಹಿತಿ ಬಿಟ್ಟು ಲೆಕ್ಕ ಹಾಕಲಿ.

ಪರ್ಯಾಯಗಳ ಜೊತೆ ಇಟ್ಟು ನೋಡಿದರೆ

ಕ್ಷಣಕ್ಷಣಕ್ಕೂ ಟೈಮಿಂಗ್ ಬದಲಿಸುವ ಅಡಾಪ್ಟಿವ್ ವ್ಯವಸ್ಥೆಗಳು ದಶಕಗಳಿಂದ ಇವೆ: 1970ರ ದಶಕದಲ್ಲಿ ಸಿಡ್ನಿಯಲ್ಲಿ ಹುಟ್ಟಿದ ಸ್ಕ್ಯಾಟ್ಸ್, ಬ್ರಿಟನ್ನಿನ ಸ್ಕೂಟ್, ಪಿಟ್ಸ್‌ಬರ್ಗ್‌ನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಿಂದ ಬಂದು 2012ರಲ್ಲಿ ಒಂಬತ್ತು ಜಂಕ್ಷನ್‌ಗಳಲ್ಲಿ ಶುರುವಾದ ಸರ್‌ಟ್ರ್ಯಾಕ್. ಹರಿವು ದಿನಕ್ಕೊಂದು ರೀತಿ ಇರುವ ಕಡೆ, ಉದಾಹರಣೆಗೆ ಕ್ರೀಡಾಂಗಣದ ಪಕ್ಕ ಅಥವಾ ಹೆದ್ದಾರಿ ಮುಚ್ಚಿದಾಗ ವಾಹನ ಸುರಿಯುವ ರಸ್ತೆಯಲ್ಲಿ, ಇವುಗಳಿಗೆ ಜಿಪಿಎಸ್ ಸೇವೆ ಸಾಟಿಯಲ್ಲ. ಕಳೆದ ತಿಂಗಳ ಸರಾಸರಿಗೆ ಹೊಂದಿಸಿದ ಪ್ಲಾನ್ ಇವತ್ತಿನ ಜಾತ್ರೆಗೆ ಹೊಂದುವುದಿಲ್ಲ. ಆದರೆ ಅಡಾಪ್ಟಿವ್‌ನ ಕಣ್ಣು ವಾಹನ ಬಂದದ್ದನ್ನು ಗುರುತಿಸುವ ಡಿಟೆಕ್ಟರ್. ರಸ್ತೆಗೆ ಹೊಸ ಡಾಂಬರು ಹಾಕುವಾಗ ಒಳಗಿನ ಲೂಪ್ ತಂತಿ ಕತ್ತರಿಸಿಹೋಗುತ್ತದೆ, ಕ್ಯಾಮೆರಾದ ಗಾಜಿಗೆ ಧೂಳು ಕಟ್ಟುತ್ತದೆ. ಸತ್ತ ಡಿಟೆಕ್ಟರ್ ಬಹುತೇಕ "ವಾಹನ ಸದಾ ನಿಂತಿದೆ" ಎಂದೇ ಹೇಳುತ್ತದೆ, ಯಾರೂ ಇಲ್ಲದ ಅಡ್ಡರಸ್ತೆಗೆ ಪ್ರತಿ ಸೈಕಲ್‌ನಲ್ಲೂ ಗರಿಷ್ಠ ಹಸಿರು ಹೋಗುತ್ತದೆ. ರಾತ್ರಿ ಎರಡು ಗಂಟೆಗೆ ಹೋಗಿ ನಿಂತರೆ ಈ ಕಾಯಿಲೆ ತಕ್ಷಣ ಕಾಣುತ್ತದೆ. ದುರಸ್ತಿಗೆ ಪ್ರತಿ ವರ್ಷ ಹಣ, ಜನ ಮೀಸಲಿಡಲಾಗದ ಊರು ಅಡಾಪ್ಟಿವ್ ಕೊಳ್ಳಬಾರದು.

ಡಿಟೆಕ್ಟರ್‌ಗಳು ಈಗಾಗಲೇ ಚೆನ್ನಾಗಿದ್ದು, ಕಂಟ್ರೋಲರ್ ಹೊಸದಾಗಿದ್ದರೆ ಇನ್ನೊಂದು ಅಗ್ಗದ ದಾರಿಯಿದೆ. ಹಸಿರು ಬಿದ್ದದ್ದು, ಡಿಟೆಕ್ಟರ್ ಮೇಲೆ ವಾಹನ ಬಂದದ್ದು, ಗುಂಡಿ ಒತ್ತಿದ್ದು ಎಲ್ಲವನ್ನೂ ಸೆಕೆಂಡಿನ ಹತ್ತನೇ ಒಂದು ಭಾಗದ ನಿಖರತೆಯಲ್ಲಿ ದಾಖಲಿಸುವ ಕಂಟ್ರೋಲರ್‌ಗಳಿವೆ. ಆ ದಾಖಲೆಯನ್ನು ನಕ್ಷೆಗಳಾಗಿ ತೋರಿಸುವ ತಂತ್ರಾಂಶವನ್ನು ಅಮೆರಿಕದ ಯೂಟಾ ರಾಜ್ಯದ ಸಾರಿಗೆ ಇಲಾಖೆ ಮುಕ್ತವಾಗಿ ಬಿಟ್ಟುಕೊಟ್ಟಿದೆ. ವಾಹನ ಹಸಿರಿನಲ್ಲಿ ಬಂತೋ ಕೆಂಪಿನಲ್ಲೋ ಎಂದು ಚುಕ್ಕೆಗಳಲ್ಲಿ ತೋರಿಸುವ ಪರ್ಡ್ಯೂ ನಕ್ಷೆ ಒಂದೇ ಸಾಕು, ಆಫ್‌ಸೆಟ್ ಕೆಟ್ಟಿರುವುದು ಕಣ್ಣಿಗೆ ಹೊಡೆಯುತ್ತದೆ. ಜಿಪಿಎಸ್ ಸೇವೆಗೆ ಕಾಣದ ಪಾದಚಾರಿ ಗುಂಡಿಯ ಲೆಕ್ಕವೂ ಇಲ್ಲಿದೆ. ತಂತ್ರಾಂಶ ಉಚಿತ, ಸರ್ವರ್, ಸಂಪರ್ಕ, ಅದನ್ನು ದಿನಾ ನೋಡುವ ಒಬ್ಬ ಮನುಷ್ಯ ಉಚಿತವಲ್ಲ.

ಕೊಳ್ಳುವ ಮೊದಲು

ಗ್ರೀನ್ ಲೈಟ್‌ಗೆ ನಗರಗಳಿಂದ ಶುಲ್ಕವಿಲ್ಲ, ಆದರೆ ಯಾವ ಜಂಕ್ಷನ್‌ಗೆ ಸಲಹೆ ಬರುತ್ತದೆ ಎಂಬುದು ನಿಮ್ಮ ಕೈಯಲ್ಲಿಲ್ಲ. ಸಲಹೆಯ ಹಿಂದಿನ ಕಚ್ಚಾ ಜಾಡು ನಿಮಗೆ ಸಿಗುವುದಿಲ್ಲ. ಹಣ ಕೊಟ್ಟು ಕೊಳ್ಳುವ ಸೇವೆಯಲ್ಲಿ ಈ ಎರಡನ್ನೂ ಒಪ್ಪಂದದಲ್ಲಿ ಬರೆಸಿಕೊಳ್ಳಿ: ಜಂಕ್ಷನ್ ಆಯ್ಕೆ ನಿಮ್ಮದು, ಪ್ರತಿ ತಿರುವಿಗೆ ಎಷ್ಟು ಜಾಡಿನ ಆಧಾರ ಎಂಬ ಅಂಕಿ ಪ್ರತಿ ಸಲಹೆಯ ಪಕ್ಕದಲ್ಲಿರಬೇಕು.

ಫಲಿತಾಂಶದ ಅಳತೆಯನ್ನು ಮಾರಾಟಗಾರರಿಗೇ ಬಿಡಬೇಡಿ. ಅತಿ ಕೆಟ್ಟ ಎರಡು ವಾರ ಆರಿಸಿ "ಮೊದಲು" ಎಂದು ಇಟ್ಟರೆ, ಏನೂ ಮಾಡದಿದ್ದರೂ "ನಂತರ" ಸುಧಾರಿಸಿದಂತೆ ಕಾಣುತ್ತದೆ. ಬದಲಾವಣೆಗೆ ಮೊದಲಿನ ನಾಲ್ಕು ವಾರ, ಜನ ಹೊಂದಿಕೊಳ್ಳಲು ಎರಡು ವಾರ ಬಿಟ್ಟು ನಂತರದ ನಾಲ್ಕು ವಾರ, ಅದೇ ವಾರದ ದಿನಗಳು, ರಜೆ ಮತ್ತು ಪರೀಕ್ಷೆಯ ವಾರ ಬಿಟ್ಟು ಹೋಲಿಸಿ. ಟೈಮಿಂಗ್ ಬದಲಿಸದ ಇನ್ನೊಂದು ರಸ್ತೆಯನ್ನೂ ಅದೇ ಅವಧಿಗೆ ಅಳೆದು ಪಕ್ಕದಲ್ಲಿಡಿ. ಸಂಚಾರವೇ ಒಟ್ಟಾರೆ ಕಡಿಮೆಯಾಗಿದ್ದರೆ ಆ ರಸ್ತೆಯಲ್ಲೂ ಕಾಣುತ್ತದೆ. ಫೋನ್ ಇಟ್ಟುಕೊಂಡು ಕಾರಿನಲ್ಲಿ ದಿಕ್ಕಿಗೆ ಎಂಟು–ಹತ್ತು ಓಟ ಓಡಿಸಿ ನಿಮ್ಮದೇ ಅಂಕಿ ಇಟ್ಟುಕೊಳ್ಳಿ. ಮುಖ್ಯರಸ್ತೆ ಚೆನ್ನಾದದ್ದು ಅಡ್ಡರಸ್ತೆಯ ಹೊಟ್ಟೆ ಹೊಡೆದೇ ಎಂಬುದನ್ನು ತಿಳಿಯಲು ಅಡ್ಡರಸ್ತೆಯ ಸಾಲಿನ ಉದ್ದವನ್ನೂ ಬರೆಯಿರಿ, ಮಾರಾಟಗಾರರ ವರದಿಯಲ್ಲಿ ಅದು ಕೊನೆಯ ಪುಟದಲ್ಲಿರುತ್ತದೆ, ಇದ್ದರೆ.

ಚಂದಾ ವರ್ಷಪೂರ್ತಿ ಬೇಕೇ? ಹದಿನೈದು–ಇಪ್ಪತ್ತು ಸಿಗ್ನಲ್ ಇರುವ ಊರಿಗೆ ಬೇಡ. ಎರಡು ವರ್ಷಕ್ಕೊಮ್ಮೆ ಮೂರು ತಿಂಗಳಿಗೆ ಕೊಂಡು, ಪ್ಲಾನ್ ಹಾಕಿ, ಅಳೆದು ನಿಲ್ಲಿಸಬಹುದು. ನೂರಾರು ಸಿಗ್ನಲ್ ಇದ್ದು ಸದಾ ಎಲ್ಲೋ ಒಂದು ಕಡೆ ರಸ್ತೆ ಕೆಲಸ ನಡೆಯುವ ನಗರಕ್ಕೆ ನಿರಂತರ ಚಂದಾ ಅರ್ಥವತ್ತು, ಏಕೆಂದರೆ ಯಾವ ಜಂಕ್ಷನ್ ಇದ್ದಕ್ಕಿದ್ದಂತೆ ಕೆಟ್ಟಿತು ಎಂದು ದೂರು ಬರುವ ಮೊದಲೇ ಪಟ್ಟಿ ಬರುತ್ತದೆ. ಎರಡೂ ಸಂದರ್ಭದಲ್ಲಿ ಹಳೆಯ ಟೈಮಿಂಗ್‌ನ ಪೂರ್ತಿ ಪ್ರತಿಯನ್ನು ಕಂಟ್ರೋಲರ್‌ನಿಂದ ಇಳಿಸಿಕೊಂಡು, ಒಂದು ಪ್ರತಿಯನ್ನು ಕ್ಯಾಬಿನೆಟ್ ಬಾಗಿಲ ಒಳಗೆ ಅಂಟಿಸಿ. ಹೊಸದು ಕೈಕೊಟ್ಟ ರಾತ್ರಿ ಹಳೆಯದಕ್ಕೆ ಮರಳಲು ಯಾರ ಪಾಸ್‌ವರ್ಡ್‌ಗೂ ಕಾಯಬೇಕಾಗಿಲ್ಲ.